ರಾಬರ್ಟ್ ಬ್ರೂಸ್ ಫೂಟ್: ಕಲ್ಲಿನ ಜೊತೆ ಊರಿನ ಹೆಸರನ್ನೂ ಬರೆದಿಟ್ಟವರು

ಬೋಧನಾಭ್ಯಾಸಕ್ಕೆ ನನಗೆ ಹೆಮ್ಮರಗಾಲ ಸಿಕ್ಕಿತ್ತು. ಎಂಟನೇ ತರಗತಿಗೆ ಇತಿಹಾಸದ ಆಧಾರಗಳು ಮತ್ತು ಶಿಲಾಯುಗದ ಪಾಠ ಮಾಡಬೇಕಿತ್ತು. ಹಳೆ ಶಿಲಾಯುಗ, ನವಶಿಲಾಯುಗ ಎಂದು ಕರಿಹಲಗೆಯ ಮೇಲೆ ಪಟ್ಟಿ ಬರೆದರೆ ಮಕ್ಕಳು ಪರೀಕ್ಷೆಯ ಮಟ್ಟಿಗೆ ಕಲಿಯುತ್ತಾರೆ. ಬರವಣಿಗೆಯೇ ಇಲ್ಲದ ಕಾಲದ ಸಂಗತಿ ನಮಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆಗೆ ಆ ಪಟ್ಟಿಯಲ್ಲಿ ಉತ್ತರವಿಲ್ಲ. ಆದ್ದರಿಂದ ಪಾಠವನ್ನು ಒಬ್ಬರ ಜೀವನಚರಿತ್ರೆಯ ಸುತ್ತ ಕಟ್ಟಿಕೊಂಡೆ. ಎರಡು ಅವಧಿಗಳಲ್ಲಿ ಹೇಳಿದ ಆ ಜೀವನವನ್ನು, ಎಲ್ಲೆಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿದೆ ಎಂಬುದರ ಸಮೇತ, ಸಹಪಾಠಿಗಳಿಗೆ ಉಪಯೋಗವಾಗಲೆಂದು ಇಲ್ಲಿ ಬರೆದಿದ್ದೇನೆ.

ರಾಬರ್ಟ್ ಬ್ರೂಸ್ ಫೂಟ್ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ 1834ರ ಸೆಪ್ಟೆಂಬರ್ 22ರಂದು ಹುಟ್ಟಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕೆಲಸಕ್ಕೆ ಸೇರಿ ಮದರಾಸಿಗೆ ಬಂದರು. ಅವರ ಕೆಲಸ ನೆಲದ ಬಂಡೆಗಳನ್ನು ಗುರುತಿಸಿ ನಕ್ಷೆ ಮಾಡುವುದು. ಹಳೆಯ ಮನುಷ್ಯರನ್ನು ಹುಡುಕಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಅದೇ ಕಾಲದಲ್ಲಿ ಫ್ರಾನ್ಸಿನ ನದಿ ಜಲ್ಲಿಯಲ್ಲಿ, ಅಳಿದುಹೋದ ಪ್ರಾಣಿಗಳ ಮೂಳೆಗಳ ಜೊತೆಯಲ್ಲೇ, ಮನುಷ್ಯ ಒಡೆದು ರೂಪಿಸಿದ ಕಲ್ಲುಗಳು ಸಿಕ್ಕಿವೆ ಎಂಬುದನ್ನು ಯೂರೋಪಿನ ವಿದ್ವಾಂಸರು ಒಪ್ಪತೊಡಗಿದ್ದರು. ಫೂಟ್ ಆ ಸುದ್ದಿಯನ್ನು ಓದಿದ್ದರು. ನೆಲ ನೋಡಿಕೊಂಡೇ ನಡೆಯುವ ಉದ್ಯೋಗದವರಿಗೆ ಅಷ್ಟು ಸಾಕಾಯಿತು.

1863ರ ಮೇ 30ರಂದು ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ, ಜಲ್ಲಿ ತೆಗೆದ ಒಂದು ಗುಂಡಿಯಲ್ಲಿ, ಅವರಿಗೆ ಅಂಥದೊಂದು ಕಲ್ಲು ಕಂಡಿತು. ಆಗ ಅವರ ವಯಸ್ಸು 28. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂನಲ್ಲಿ ಇನ್ನೂ ಅನೇಕ ಕಲ್ಲುಗಳು ಸಿಕ್ಕಿದವು. ಭಾರತದಲ್ಲಿ ಹಳೆ ಶಿಲಾಯುಗದ ಅಧ್ಯಯನ ಶುರುವಾದದ್ದು ಅಲ್ಲಿಂದ.

ಇಲ್ಲಿ ನಿಲ್ಲಿಸಿ ಎರಡು ಕಲ್ಲುಗಳನ್ನು ಮೇಜಿನ ಮೇಲಿಟ್ಟೆ. ಒಂದು ಕಪಿಲೆಯ ದಂಡೆಯಿಂದ ತಂದ ನುಣುಪಾದ ಕಲ್ಲು, ಇನ್ನೊಂದು ರಸ್ತೆಗೆ ಹಾಕುವ ಜಲ್ಲಿ. ಇವು ಆಯುಧಗಳಲ್ಲ ಎಂದು ಹೇಗೆ ಹೇಳುವಿರಿ ಎಂದು ಕೇಳಿದೆ. ನೀರು ಉರುಳಿಸಿದ ಕಲ್ಲಿಗೆ ಅಂಚೇ ಇಲ್ಲ, ಜಲ್ಲಿಯ ಅಂಚು ದಿಕ್ಕಿಲ್ಲದೆ ಒಡೆದಿದೆ ಎಂಬ ಉತ್ತರ ತರಗತಿಯಿಂದಲೇ ಬಂತು. ಮನುಷ್ಯ ಮಾಡಿದ ಕೈಗೊಡಲಿಯಲ್ಲಿ ಎರಡೂ ಮುಖಗಳಿಂದ ಚಕ್ಕೆ ಎಬ್ಬಿಸಿದ ಗುರುತು ಒಂದರ ಪಕ್ಕ ಒಂದು ಸಾಲಾಗಿರುತ್ತದೆ. ಹಾಗೆ ಎಬ್ಬಿಸುತ್ತ ಹೋದುದರ ಫಲವೇ ಅದರ ಅಂಚು. ಕರಿಹಲಗೆಯ ಮೇಲೆ ಚಿತ್ರ ಬರೆದು ಇದನ್ನು ತೋರಿಸಿದೆ.

ಮುಂದಿನ ಸುಮಾರು 28 ವರ್ಷ ಫೂಟ್ ದಕ್ಷಿಣ ಭಾರತದ ಬಂಡೆಗಳನ್ನು ಅಳೆಯುತ್ತ ತಿರುಗಿದರು. ಚಿನ್ನದ ಅದಿರಿರುವ ನಮ್ಮ ನಾಡಿನ ಶಿಲಾಶ್ರೇಣಿಗೆ ಧಾರವಾಡ ಎಂಬ ಹೆಸರು ಕೊಟ್ಟವರು ಅವರೇ. ಕೆಲಸದ ನಡುವೆ ಕಂಡ ಕಲ್ಲಿನ ಆಯುಧ, ಮಡಕೆಯ ಚೂರು ಯಾವುದನ್ನೂ ಅವರು ಬಿಡಲಿಲ್ಲ. ಬಳ್ಳಾರಿಯ ಹತ್ತಿರ ಸಂಗನಕಲ್ಲು–ಕುಪ್ಪಗಲ್ಲು ಬೆಟ್ಟದಲ್ಲಿ ನವಶಿಲಾಯುಗದವರು ಕೊಡಲಿ ತಯಾರಿಸುತ್ತಿದ್ದ ತಾಣವನ್ನು ಗುರುತಿಸಿದರು. ಅಲ್ಲಿ ಪೂರ್ತಿಯಾದ ಕೊಡಲಿಗಳ ಜೊತೆಗೆ ಅರ್ಧಕ್ಕೆ ಬಿಟ್ಟವು, ಕೆತ್ತುವಾಗ ಮುರಿದವು, ಎದ್ದ ಚಕ್ಕೆಗಳು ಎಲ್ಲವೂ ಇದ್ದವು. ಚೆಲುವಾದ ಕೊಡಲಿಯೊಂದನ್ನೇ ಆರಿಸಿಕೊಂಡು ಹೋಗಿದ್ದರೆ ಅದು ಕೊಡಲಿ ಮಾಡುವ ಜಾಗ ಎಂಬುದು ತಿಳಿಯುತ್ತಿರಲಿಲ್ಲ.

ಆ ಸೀಮೆಯ ಬೂದಿಗುಡ್ಡಗಳ ಸಂಗತಿಯನ್ನು ಮಕ್ಕಳು ಎಲ್ಲಕ್ಕಿಂತ ಇಷ್ಟಪಟ್ಟು ಕೇಳಿದರು. ಬಯಲಿನಲ್ಲಿ ದೊಡ್ಡ ದೊಡ್ಡ ಬೂದಿಯ ರಾಶಿಗಳು. ರಾಕ್ಷಸನನ್ನು ಸುಟ್ಟ ಬೂದಿ ಎಂದು ಊರವರ ಕಥೆ, ಜ್ವಾಲಾಮುಖಿ ಎಂದು ಕೆಲವರ ಊಹೆ. ಫೂಟ್ ಪರಿಶೀಲಿಸಿ, ಇದು ದನ ಕಟ್ಟಿದ ಜಾಗದಲ್ಲಿ ರಾಶಿಬಿದ್ದ ಸಗಣಿ ಸುಟ್ಟ ಬೂದಿ ಎಂಬ ತೀರ್ಮಾನಕ್ಕೆ ಬಂದರು. 1957ರಲ್ಲಿ ರೇಮಂಡ್ ಆಲ್ಚಿನ್ ಅವರು ಉಟ್ನೂರಿನ ಬೂದಿಗುಡ್ಡವನ್ನು ಅಗೆದಾಗ ದನಗಳ ಗೊರಸಿನ ಗುರುತುಗಳೇ ಸಿಕ್ಕಿ ಅವರ ಮಾತು ನಿಂತಿತು. ಹಿತ್ತಿಲಿನ ತಿಪ್ಪೆಯೂ ಇತಿಹಾಸದ ಆಧಾರವಾಗಬಲ್ಲದು ಎಂಬುದು ದನ ಸಾಕುವ ಮನೆಯ ಮಕ್ಕಳಿಗೆ ಬೇಗ ಅರ್ಥವಾಯಿತು.

1891ರಲ್ಲಿ ನಿವೃತ್ತರಾದ ಮೇಲೆ ಫೂಟ್ ಬರೋಡಾ ಸಂಸ್ಥಾನದಲ್ಲಿ ಕೆಲಸ ಮಾಡಿದರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನ ಭೂವಿಜ್ಞಾನ ಇಲಾಖೆಯನ್ನು ಆರಂಭಿಸಿದಾಗ ಅದರ ಮೊದಲ ಮುಖ್ಯಸ್ಥರಾದರು. ನಮ್ಮ ತಿರುಮಕೂಡಲು ನರಸೀಪುರವೂ ಅವರ ದಾಖಲೆಯಲ್ಲಿದೆ. ನಂಜನಗೂಡಿನ ಪಕ್ಕ ಹರಿಯುವ ಕಪಿಲೆ ಅಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಸಂಗಮದ ಬಳಿ ಅವರು ಬಹಳ ಹಳೆಯ ಕಾಲದ ಮಡಕೆಗಳ ಅವಶೇಷ ಕಂಡರು. ಅವುಗಳಲ್ಲಿ ಸುಟ್ಟ ಮಣ್ಣಿನ ತಲೆದಿಂಬೂ ಇತ್ತು. ಮಲಗುವಾಗ ಕತ್ತಿಗೆ ಆಸರೆಯಾಗುವ ಇಂಥ ದಿಂಬುಗಳು ಪ್ರಾಚೀನ ಈಜಿಪ್ಟಿನಲ್ಲಿಯೂ ಬಳಕೆಯಲ್ಲಿದ್ದವು. ತರಗತಿಯಲ್ಲಿ ಹೆಚ್ಚಿನವರು ಸಂಗಮವನ್ನು ನೋಡಿದ್ದವರೇ, ಆದರೆ ದೇವಸ್ಥಾನಕ್ಕೆ ಮತ್ತು ಸ್ನಾನಕ್ಕೆ ಹೋಗಿ ಬಂದವರು.

ಕೊನೆಗಾಲದಲ್ಲಿ ಫೂಟ್ ಸೇಲಂ ಹತ್ತಿರದ ಯೇರ್ಕಾಡಿನಲ್ಲಿ ನೆಲೆಸಿದರು. ನಾಲ್ಕು ದಶಕಗಳಲ್ಲಿ ನಾನೂರಕ್ಕೂ ಹೆಚ್ಚು ಸ್ಥಳಗಳಿಂದ ಕೂಡಿಸಿದ ವಸ್ತುಗಳು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದವು. ಒಂದೊಂದಕ್ಕೂ ಸಂಖ್ಯೆ, ಸಿಕ್ಕ ಊರು, ವಿವರ ಬರೆದು ಪಟ್ಟಿ ಸಿದ್ಧಪಡಿಸುವುದೇ ಅವರ ಕೊನೆಯ ದೊಡ್ಡ ಕೆಲಸ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಪಟ್ಟಿ ಅಚ್ಚಾಗಿ ಬಂದದ್ದು 1914ರಲ್ಲಿ, ಅದರ ವಿವರಣೆಯ ಸಂಪುಟ 1916ರಲ್ಲಿ. ಎರಡನ್ನೂ ಅವರು ನೋಡಲಿಲ್ಲ.

ಇಷ್ಟಾದ ಮೇಲೆ ಒಬ್ಬ ಹುಡುಗ, ಹಾಗಾದರೆ ಆ ಕೊಡಲಿಗಳು ಎಷ್ಟು ವರ್ಷ ಹಳೆಯವು ಎಂದು ಕೇಳಿದ. ಪಾಠಯೋಜನೆಯಲ್ಲಿ ಎರಡನೇ ಅವಧಿಯನ್ನು ಇದೇ ಪ್ರಶ್ನೆಗೆಂದು ಇಟ್ಟಿದ್ದೆ. ಫೂಟ್ ಅವರಿಗೆ ಉತ್ತರ ಗೊತ್ತಿರಲಿಲ್ಲ. ಯಾವುದು ಮೊದಲು, ಯಾವುದು ನಂತರ ಎಂದು ಹೇಳಬಲ್ಲವರಾಗಿದ್ದರು. ವರ್ಷ ಹೇಳುವ ದಾರಿ ಆಗ ಇರಲಿಲ್ಲ. ಹಳೆ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ನಡುವೆ ಜನವೇ ಇಲ್ಲದ ದೊಡ್ಡ ಅಂತರವಿತ್ತು ಎಂದು ಅವರು ನಂಬಿದ್ದರು. ಸೂಕ್ಷ್ಮ ಶಿಲಾಯುಧಗಳ ಮಧ್ಯ ಶಿಲಾಯುಗ ಗೊತ್ತಾದ ಮೇಲೆ ಆ ಅಭಿಪ್ರಾಯ ಬಿದ್ದುಹೋಯಿತು. ಜೀವನಚರಿತ್ರೆ ಹೇಳುವಾಗ ಇದನ್ನೂ ಹೇಳಬೇಕು, ಇಲ್ಲದಿದ್ದರೆ ಅದು ಹೊಗಳಿಕೆಯಾಗುತ್ತದೆ.

ವರ್ಷದ ಲೆಕ್ಕಕ್ಕೆ ದಾರಿ ತೋರಿದ್ದು ರೋಮಿನ ನಾಣ್ಯಗಳು. ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿ 1929ರಲ್ಲಿ ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರು ಉತ್ಖನನ ಮಾಡಿಸಿದರು. ಅಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮನ್ ಬೆಳ್ಳಿ ನಾಣ್ಯಗಳೂ ದೊರೆತವು. ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳು ಆಳಿದ ವರ್ಷ ಖಚಿತವಾಗಿ ಗೊತ್ತಿರುವುದರಿಂದ, ಅವರ ನಾಣ್ಯವಿರುವ ಪದರ ಅವರ ಕಾಲಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಚಂದ್ರವಳ್ಳಿಯನ್ನೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನೂ ಅಗೆದರು. ರೋಮನ್ ವ್ಯಾಪಾರದ ಕಾಲದ ಮಡಕೆಗಳು ಬ್ರಹ್ಮಗಿರಿಯ ಮೇಲಿನ ಪದರದಲ್ಲಿದ್ದವು. ಅದರ ಕೆಳಗೆ ಕಬ್ಬಿಣ ಬಳಸಿ ಕಲ್ಗೋರಿ ಕಟ್ಟಿದವರ ಪದರ, ಅದಕ್ಕೂ ಕೆಳಗೆ ಫೂಟ್ ಕಂಡಂಥ ನುಣುಪು ಕಲ್ಲಿನ ಕೊಡಲಿಗಳ ಪದರ. ಫೂಟ್ ತೀರಿಕೊಂಡು 35 ವರ್ಷಗಳ ಮೇಲೆ ಅವರ ಕಲ್ಲುಗಳಿಗೆ ಕಾಲದ ಏಣಿಯಲ್ಲಿ ಒಂದು ಮೆಟ್ಟಿಲು ಸಿಕ್ಕಿತು. ಮುಂದೆ ಇಂಗಾಲ ಕಾಲಗಣನೆ ಬಂದು ಆ ಮೆಟ್ಟಿಲನ್ನು ವ್ಹೀಲರ್ ಎಣಿಸಿದ್ದಕ್ಕಿಂತಲೂ ಹಿಂದಕ್ಕೆ ಒಯ್ದಿತು. ನರಸೀಪುರದಲ್ಲಿ 1959ರಿಂದ 1965ರ ನಡುವೆ ಡಾ. ಎಂ. ಶೇಷಾದ್ರಿ ಅವರ ನೇತೃತ್ವದಲ್ಲಿ ಉತ್ಖನನ ನಡೆದು ನವಶಿಲಾಯುಗದವರ ನೆಲೆಯೂ ಸಮಾಧಿಗಳೂ ಹೊರಬಂದವು. ಕ್ರಿ.ಪೂ. ಎರಡನೇ ಸಹಸ್ರಮಾನದಲ್ಲಿ ಈ ನದಿಗಳ ದಂಡೆಯಲ್ಲಿ ಜನ ಬಾಳಿದ್ದರು. ಆ ಯುಗದ ಬೇರೆ ನೆಲೆಗಳಾದ ಹಳ್ಳೂರು, ಸಂಗನಕಲ್ಲುಗಳಲ್ಲಿ ಹುರುಳಿ, ಹೆಸರು, ಕೊರಲೆಯ ಕರಿದ ಕಾಳುಗಳು ಸಿಕ್ಕಿವೆ. ಹುರುಳಿ ಇಂದಿಗೂ ನಮ್ಮ ಹೊಲಗಳಲ್ಲಿದೆ.

ಪಾಠದ ಉದ್ದೇಶ ಇಲ್ಲಿಗೆ ಬಂದು ತಲುಪುವುದೇ ಆಗಿತ್ತು. ಫೂಟ್ ಕಲ್ಲುಗಳನ್ನು ಮಾತ್ರ ಕೂಡಿಟ್ಟು ಊರಿನ ಹೆಸರು ಬರೆಯದೆ ಹೋಗಿದ್ದರೆ, ಮುಂದಿನವರು ಎಲ್ಲಿ ಅಗೆಯಬೇಕಿತ್ತು? ಕಾಲ ತಿಳಿಯದೆಯೂ ಜಾಗ ಬರೆದಿಟ್ಟಿದ್ದರಿಂದ, ಕಾಲ ತಿಳಿಯುವ ದಿನ ಬಂದಾಗ ಅದು ಉಪಯೋಗಕ್ಕೆ ಬಂತು.

ಒಬ್ಬ ಹುಡುಗಿ ತಮ್ಮ ಹೊಲದಲ್ಲಿ ಉಳುವಾಗ ಕಪ್ಪು ಮಡಕೆಯ ಚೂರುಗಳು ಏಳುತ್ತವೆ, ತಂದು ತೋರಿಸಲೇ ಎಂದಳು. ತರಬೇಡ, ಮೊದಲು ಜಾಗ ಬರೆ ಎಂದೆ. ಆ ಹೊಲಕ್ಕೆ ಹಿಂದೆ ಕೆರೆಯ ಗೋಡು ಹೊಡೆಸಿದ್ದಾರೆಯೇ ಎಂದು ಮನೆಯಲ್ಲಿ ಕೇಳಿಕೊಂಡು ಬರಲು ಹೇಳಿದೆ. ಹೊಡೆಸಿದ್ದರೆ ಚೂರು ಹೊಲದ್ದಲ್ಲ, ಕೆರೆಯದ್ದಾಗಿರಬಹುದು. ಮಾರನೆಯ ದಿನ ಅವಳು ಅಜ್ಜನನ್ನು ಕೇಳಿ ಬಂದಳು: ಗೋಡು ಹೊಡೆಸಿದ್ದಾರೆ, ಆದರೆ ತಗ್ಗಿನ ಪಟ್ಟಿಗೆ ಮಾತ್ರ, ಚೂರು ಏಳುವುದು ಮೇಲಿನ ಪಟ್ಟಿಯಲ್ಲಿ. ಫೂಟ್ ಮಾಡುತ್ತಿದ್ದ ಕೆಲಸ ಇಂಥದ್ದೇ ಎಂದು ತರಗತಿಗೆ ಹೇಳಿದೆ.

ಅನುಸರಣಾ ಚಟುವಟಿಕೆಯಾಗಿ ಒಂದು ನೋಟ್‌ಪುಸ್ತಕ ಮಾಡಿಸಿದ್ದೇನೆ. ಅದರಲ್ಲಿ ಐದು ಕಾಲಂ: ಏನು ಕಂಡಿತು, ಯಾವ ಹೊಲದ ಯಾವ ಭಾಗ, ಉಳುವಾಗಲೋ ಅಗೆಯುವಾಗಲೋ, ಪಕ್ಕದಲ್ಲಿ ಇನ್ನೇನಿತ್ತು, ಕಂಡ ದಿನ. ಯಾರೂ ಗುಂಡಿ ತೋಡಬಾರದು, ಕಂಡದ್ದನ್ನು ಮಾರಬಾರದು, ಮುಖ್ಯವೆನಿಸಿದರೆ ಶಿಕ್ಷಕರ ಮೂಲಕ ಮೈಸೂರಿನ ಪುರಾತತ್ವ ಇಲಾಖೆಗೆ ತಿಳಿಸಬೇಕು ಎಂದು ಮೊದಲ ಪುಟದಲ್ಲಿ ಬರೆಸಿದ್ದೇನೆ. ಜೆಸಿಬಿ ಒಂದೇ ದಿನದಲ್ಲಿ ಹೊಲ ಸಮ ಮಾಡುವ ಕಾಲವಿದು. ಸಾವಿರಾರು ವರ್ಷ ಇದ್ದಲ್ಲೇ ಇದ್ದ ಪದರ ಮಧ್ಯಾಹ್ನದೊಳಗೆ ಕಲಸಿಹೋಗುತ್ತದೆ. ಅದಕ್ಕೆ ಮೊದಲು ಬರೆದ ಒಂದು ಸಾಲು ಉಳಿದರೂ ಮುಂದಿನವರಿಗೆ ದಾರಿ ಸಿಗುತ್ತದೆ. ಮೊದಲ ಸಾಲಿನಲ್ಲಿ ಈಗ ಆ ಮೇಲಿನ ಪಟ್ಟಿಯ ವಿವರ ಇದೆ.