ಅಜ್ಜಮಾಡ ದೇವಯ್ಯ: ಇಪ್ಪತ್ತಮೂರು ವರ್ಷ ತಡವಾಗಿ ಬಂದ ಗೌರವ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೊಂಡು, ತುಮಕೂರು ಜಿಲ್ಲೆಯ ಹೆಸರೂ ಸೇನಾ ವಿಮಾನಗಳ ಚರಿತ್ರೆಗೆ ಸೇರಿತು. ಆ ಚರಿತ್ರೆಯನ್ನು ಸತ್ಯಮಂಗಲದಂತಹ ಊರಿನ ಶಾಲೆಯ ಉದ್ದನೆಯ ಗೋಡೆಯ ಮೇಲೆ ಇಸವಿಗಳ ಕ್ರಮದಲ್ಲಿ ಮೂಡಿಸಹೊರಟವರಿಗೆ ಒಬ್ಬ ಯೋಧರ ಹೆಸರಿನ ಬಳಿ ಕೈ ತಡೆದೀತು. ಅವರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಅವರನ್ನು 1965ರ ಕೆಳಗೆ ಬರೆಯಬೇಕೋ, 1988ರ ಕೆಳಗೋ?

1932ರ ಡಿಸೆಂಬರ್ 24ರಂದು ಜನಿಸಿದ ದೇವಯ್ಯ 1954ರಲ್ಲಿ ವಾಯುಪಡೆಯ ಅಧಿಕಾರಿಯಾದರು. 1965ರ ಯುದ್ಧ ಒದಗುವ ವೇಳೆಗೆ ಕಿರಿಯರಿಗೆ ಹಾರಾಟ ಕಲಿಸುವ ಹೊಣೆಯಲ್ಲಿದ್ದ ಅವರನ್ನು ಒಂದನೇ ಸ್ಕ್ವಾಡ್ರನ್‌ಗೆ ಕರೆಸಿಕೊಳ್ಳಲಾಯಿತು. ಸೆಪ್ಟೆಂಬರ್ 7ರ ಮುಂಜಾನೆ ಆದಂಪುರದಿಂದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರಗೋಧಾ ವಾಯುನೆಲೆಯತ್ತ ಹೊರಟವು. ದೇವಯ್ಯನವರದು ಮೀಸಲು ಸ್ಥಾನ. ತಂಡದಲ್ಲಿ ಜಾಗ ತೆರವಾದುದರಿಂದ ಅವರೂ ಹೊರಟರು.

ಅವರನ್ನು ಎದುರಿಸಿದ್ದು ಅಮೆರಿಕದ ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಫ್ರಾನ್ಸಿನ ಮಿಸ್ಟೇರ್ ಆ ವೇಗಕ್ಕೆ ಸಾಟಿಯೇ ಅಲ್ಲ. ಏಟು ತಿಂದ ಮೇಲೂ ದೇವಯ್ಯ ತಿರುಗಿ ಬಿದ್ದು ಸ್ಟಾರ್‌ಫೈಟರನ್ನು ಹೊಡೆದುರುಳಿಸಿದರು. ಅದರ ಚಾಲಕ ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡರು. ದೇವಯ್ಯ ಮರಳಲಿಲ್ಲ.

ಈ ಕಾಳಗವನ್ನು ಸಂಗಡಿಗರು ಯಾರೂ ಕಂಡಿರಲಿಲ್ಲ. ನಮ್ಮ ದಾಖಲೆಯಲ್ಲಿ ಅವರು ಕಾಣೆಯಾದವರಷ್ಟೇ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನ ವಾಯುಪಡೆಯ ಯುದ್ಧದ ಕುರಿತು ಬರೆದ ಪುಸ್ತಕದಿಂದ ಸಂಗತಿ ಹೊರಬಿತ್ತು. ಎದುರಾಳಿಯ ಪಾಳಯದಿಂದಲೇ ಸಾಕ್ಷಿ ದೊರೆಯಬೇಕಾಯಿತು! ಅಂದಿನ ಸ್ಕ್ವಾಡ್ರನ್ ನಾಯಕ ಒ.ಪಿ. ತನೇಜಾ ಬೆನ್ನು ಬಿಡದೆ ಪ್ರಯತ್ನಿಸಿದರು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಘೋಷಣೆಯಾಯಿತು; ಪತ್ನಿ ಸುಂದರಿ ದೇವಯ್ಯ ಅದನ್ನು ಸ್ವೀಕರಿಸಿದರು.

ಆದುದರಿಂದ ಚಿತ್ರ 1965ರ ಕೆಳಗೇ ಇರಲಿ, ಅಲ್ಲಿಂದ 1988ರವರೆಗೆ ಒಂದು ಗೆರೆ ಹರಿಯಲಿ ಎಂಬುದು ಈ ಲೇಖಕನ ಅಭಿಪ್ರಾಯ. ಕಾಳಗದ ಛಾಯಾಚಿತ್ರವಿಲ್ಲದ ಕಾರಣ ಎರಡು ವಿಮಾನಗಳನ್ನು ಅಳತೆಗೆ ಸರಿಯಾಗಿ ಬರೆದರೆ ಸಾಕು: ಮಿಸ್ಟೇರ್ ಸುಮಾರು 13 ಮೀಟರ್ ಉದ್ದ, ಸ್ಟಾರ್‌ಫೈಟರ್ ಸುಮಾರು 17. ಮಕ್ಕಳು ಕಣ್ಣಳತೆಯಲ್ಲೇ ವಿಷಯ ಗ್ರಹಿಸುತ್ತಾರೆ.

2025ರ ಹಿಂದಿ ಚಲನಚಿತ್ರ ಸ್ಕೈ ಫೋರ್ಸ್ ಈ ಕಥೆಯನ್ನೇ ಆಧರಿಸಿದ್ದರೂ ಪಾತ್ರಕ್ಕೆ ಬೇರೆ ಹೆಸರಿಟ್ಟಿತು. ಗೋಡೆಯಲ್ಲಿ ಹಾಗಾಗಬಾರದು. ಅಜ್ಜಮಾಡ ಎಂಬ ಮನೆತನದ ಹೆಸರು ಸಹಿತ ಪೂರ್ಣ ನಾಮವೇ ದೊಡ್ಡ ಅಕ್ಷರಗಳಲ್ಲಿರಲಿ.