ಕಾಯ್ದೆಗೂ ಮೊದಲು ಮನವೊಲಿಸಿದ ವೈದ್ಯ ಎಡ್ವರ್ಡ್ ಜೆನ್ನರ್

ಮಗುವನ್ನು ಶಾಲೆಗೆ ಸೇರಿಸುವಾಗ ಲಸಿಕೆಯ ದಾಖಲೆ ಕೇಳುವ ಪದ್ಧತಿ ಅನೇಕ ದೇಶಗಳಲ್ಲಿದೆ. ಅದರ ಮೂಲವನ್ನು ಅರಸುತ್ತಾ ಹೋದರೆ ಇಂಗ್ಲೆಂಡಿನ ಬರ್ಕ್ಲಿ ಎಂಬ ಪುಟ್ಟ ಊರಿನ ವೈದ್ಯ ಎಡ್ವರ್ಡ್ ಜೆನ್ನರ್ ಎದುರಾಗುತ್ತಾನೆ.

1749ರ ಮೇ 17ರಂದು ಪಾದ್ರಿಯೊಬ್ಬರ ಮಗನಾಗಿ ಜನಿಸಿದ ಜೆನ್ನರ್, ಐದನೆಯ ವಯಸ್ಸಿನಲ್ಲೇ ತಂದೆ-ತಾಯಿಯರನ್ನು ಕಳೆದುಕೊಂಡ. ಸಿಡುಬಿನ ಕೀವನ್ನೇ ಚರ್ಮಕ್ಕೆ ಸೇರಿಸಿ ರೋಗ ತಡೆಯುವುದು ಅಂದಿನ ಕ್ರಮ. ಎಂಟರ ಬಾಲಕನಾಗಿದ್ದಾಗ ಜೆನ್ನರ್ ಕೂಡ ಉಪವಾಸ, ರಕ್ತ ತೆಗೆಸುವಿಕೆಗಳ ಬಳಿಕ ಅದಕ್ಕೆ ಒಳಗಾದ. ಈ ಕ್ರಮದಿಂದ ಕೆಲವರು ಸಾಯುತ್ತಿದ್ದರು. ಸುತ್ತಲಿನವರಿಗೂ ಸಿಡುಬು ಹರಡುತ್ತಿತ್ತು.

ಹಸುವಿನ ಸಿಡುಬು ತಗುಲಿದ ಗೌಳಗಿತ್ತಿಯರಿಗೆ ಮಾರಕ ಸಿಡುಬು ಬರುವುದಿಲ್ಲವೆಂಬ ಹಳ್ಳಿಗರ ನಂಬಿಕೆಯನ್ನು ಆತ ಪರೀಕ್ಷೆಗೊಡ್ಡಿದ. 1796ರ ಮೇ 14ರಂದು ಸಾರಾ ನೆಲ್ಮ್ಸ್ ಎಂಬಾಕೆಯ ಕೈಯ ಗುಳ್ಳೆಯ ದ್ರವವನ್ನು, ತನ್ನ ತೋಟದ ಮಾಲಿಯ ಎಂಟು ವರ್ಷದ ಮಗ ಜೇಮ್ಸ್ ಫಿಪ್ಸ್‌ನ ತೋಳಿಗೆ ಹಾಕಿದ. ಜುಲೈನಲ್ಲಿ ನಿಜವಾದ ಸಿಡುಬಿನ ಕೀವನ್ನೇ ಹಾಕಿದರೂ ಬಾಲಕನಿಗೆ ರೋಗ ಬರಲಿಲ್ಲ. ಇಂದಿನ ವೈದ್ಯನೀತಿ ಇಂತಹ ಪ್ರಯೋಗವನ್ನು ಒಪ್ಪಲಾರದು.

ರಾಯಲ್ ಸೊಸೈಟಿ ಆತನ ಬರಹವನ್ನು ಸ್ವೀಕರಿಸಲಿಲ್ಲ. 1798ರಲ್ಲಿ ಜೆನ್ನರ್ ತಾನೇ ಅದನ್ನು ಪ್ರಕಟಿಸಿದ. ಲಸಿಕೆ ಪಡೆದವರ ಮೈಯಿಂದ ಹಸುಗಳು ಮೊಳೆಯುವಂತೆ ವ್ಯಂಗ್ಯಚಿತ್ರಗಳು ಬಂದವು. ಆತ ಧೃತಿಗೆಡದೆ ತೋಟದ ಗುಡಿಸಲಿನಲ್ಲಿ ಬಡವರಿಗೆ ಉಚಿತವಾಗಿ ಲಸಿಕೆ ಹಾಕಿದ. 1802ರಲ್ಲಿ ಸಂಸತ್ತು 10,000 ಪೌಂಡ್ ಗೌರವಧನ ನೀಡಿತು. ಅದೇ ವರ್ಷ ಮುಂಬೈಯಲ್ಲಿ ಮೂರು ವರ್ಷದ ಬಾಲಕಿಯೊಬ್ಬಳು ಭಾರತದ ಮೊದಲ ಲಸಿಕೆ ಪಡೆದಳು. ಥಾಮಸ್ ಹಿಕಿ 1805ರ ಸುಮಾರಿಗೆ ರಚಿಸಿದ ಮೈಸೂರು ರಾಣಿಯರ ಚಿತ್ರ ಲಸಿಕೆಯ ಪ್ರಚಾರಕ್ಕೆಂದೇ ಮೂಡಿದ್ದೆಂದು ಕೆಲವು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ.

1823ರ ಜನವರಿ 26ರಂದು ಜೆನ್ನರ್ ನಿಧನನಾದಾಗ ಇಂಗ್ಲೆಂಡಿನಲ್ಲಿ ಲಸಿಕೆ ಕಡ್ಡಾಯವಾಗಿರಲಿಲ್ಲ. 1853ರಲ್ಲಿ ಅಲ್ಲಿ ಶಿಶುಗಳಿಗೆ ಅದು ಕಡ್ಡಾಯವಾಯಿತು. ಒತ್ತೊತ್ತಾಗಿ ಕೂರುವ ಮಕ್ಕಳ ನಡುವೆ ರೋಗ ಬೇಗ ಹರಡುತ್ತದೆ. 1855ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ರಾಜ್ಯ ಶಾಲಾ ಪ್ರವೇಶಕ್ಕೆ ಸಿಡುಬಿನ ಲಸಿಕೆಯನ್ನು ಕಡ್ಡಾಯಗೊಳಿಸಿತು. ಒತ್ತಾಯಕ್ಕೆ ಪ್ರತಿರೋಧವೂ ಎದ್ದಿತು. 1898ರಲ್ಲಿ ಇಂಗ್ಲೆಂಡ್ ಮನಸ್ಸಾಕ್ಷಿಯ ಆಧಾರದ ಮೇಲೆ ವಿನಾಯಿತಿ ನೀಡಿತು. 1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶಾಲಾ ನಿಯಮವನ್ನು ಎತ್ತಿಹಿಡಿಯಿತು.

ಸಿಡುಬು ನಿರ್ಮೂಲವಾಯಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಕಾಯ್ದೆ ಶಾಲೆಯ ಬಾಗಿಲಲ್ಲಿ ದಾಖಲೆ ಕೇಳಬಹುದು. ಹೆತ್ತವರ ನಂಬಿಕೆಯನ್ನು ಮಾತ್ರ ಜೆನ್ನರ್‌ನಂತೆ ತಾಳ್ಮೆಯಿಂದಲೇ ಗಳಿಸಬೇಕು.