ಬೇಕು-ಬೇಡಗಳ ಲೆಕ್ಕ ಬರೆದ ಡಾ. ಮೊರೆನೊ

ದಿನವಿಡೀ ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆಯುವ ನಮಗೆ, ಹಣಕ್ಕಿರುವಂತೆ ಮನುಷ್ಯರ ಬೇಕು-ಬೇಡಗಳಿಗೂ ಒಂದು ಲೆಕ್ಕವುಂಟೆಂದು ತಿಳಿದಾಗ ಬೆರಗಾಯಿತು. ಆ ಲೆಕ್ಕಕ್ಕೆ ತಳಹದಿ ಹಾಕಿದ ಮಹನೀಯರು ಡಾ. ಜೇಕಬ್ ಲೆವಿ ಮೊರೆನೊ.

ಇವರು 1889ರಲ್ಲಿ ರುಮೇನಿಯದ ಬುಕಾರೆಸ್ಟಿನಲ್ಲಿ ಯಹೂದಿ ಮನೆತನವೊಂದರಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಕುಟುಂಬದೊಡನೆ ವಿಯೆನ್ನಾ ನಗರ ಸೇರಿ, 1917ರಲ್ಲಿ ಅಲ್ಲಿಯೇ ವೈದ್ಯ ಪದವಿ ಪಡೆದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮಿಟರ್ನ್‌ಡಾರ್ಫ್ ಎಂಬಲ್ಲಿದ್ದ ನಿರಾಶ್ರಿತರ ಶಿಬಿರದಲ್ಲಿ ಸೇವೆ ಸಲ್ಲಿಸಿದರು. ಯುದ್ಧದ ದೆಸೆಯಿಂದ ಮನೆಮಠ ಬಿಟ್ಟುಬಂದ ಇಟಾಲಿಯನ್ ಭಾಷೆಯ ಜನ ಅಲ್ಲಿದ್ದರು. ಯಾರ ಪಕ್ಕದಲ್ಲಿ ಯಾರಿರಬೇಕೆಂಬುದನ್ನು ಅಧಿಕಾರಿಗಳೇ ಗೊತ್ತುಮಾಡಿದ್ದರು. ಅನ್ನ, ಆಸರೆಗಳ ಕೊರತೆಯಷ್ಟೇ ಅಲ್ಲ, ಮನಸ್ಸಿಗೊಪ್ಪದ ನೆರೆಯೂ ದುಃಖಕ್ಕೆ ಕಾರಣವೆಂಬುದನ್ನು ಈ ತರುಣ ಕಂಡುಕೊಂಡರು.

1925ರಲ್ಲಿ ಮೊರೆನೊ ತಾವೇ ಪರದೇಶಿಯಾಗಿ ಅಮೆರಿಕ ಸೇರಿದರು. 1932ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಊರಿನ ಬಾಲಿಕೆಯರ ಸುಧಾರಣಾ ಶಾಲೆಯಿಂದ ಎರಡೇ ವಾರಗಳಲ್ಲಿ 14 ಹುಡುಗಿಯರು ಓಡಿಹೋದರು. ಮೊರೆನೊ ಮತ್ತು ಅವರ ಸಹೋದ್ಯೋಗಿ ಹೆಲೆನ್ ಜೆನ್ನಿಂಗ್ಸ್ ಅಲ್ಲಿಯ ಹುಡುಗಿಯರನ್ನು, ಯಾರೊಡನೆ ಒಂದೇ ಮನೆಯಲ್ಲಿರಲು ಇಷ್ಟ, ಯಾರೊಡನೆ ಇಷ್ಟವಿಲ್ಲ ಎಂದು ವಿಚಾರಿಸಿದರು. ಬಂದ ಉತ್ತರಗಳನ್ನು ಚಿತ್ರವಾಗಿಸಿದರು: ಒಬ್ಬೊಬ್ಬಳಿಗೆ ಒಂದು ವೃತ್ತ, ಒಲವಿಗೆ ಕೆಂಪು ಗೆರೆ, ಒಲ್ಲದ್ದಕ್ಕೆ ಕಪ್ಪು ಗೆರೆ. ಓಡಿದವರು ಬೇರೆ ಬೇರೆ ಮನೆಗಳವರಾದರೂ ಸ್ನೇಹದ ಗೆರೆಗಳು ಅವರನ್ನು ಹೆಣೆದಿದ್ದವು. ಓಡುವ ಯೋಚನೆ ಆ ದಾರಿಯಲ್ಲೇ ಹರಡಿತೆಂದು ಮೊರೆನೊ ತೀರ್ಮಾನಿಸಿದರು. ಹುಡುಗಿಯರ ಇಷ್ಟವನ್ನು ನೋಡಿ ಮನೆ ಹಂಚುವ ಕ್ರಮವನ್ನೂ ಅಲ್ಲಿ ತಂದರು. ಇವೆಲ್ಲವನ್ನೂ 1934ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು.

ಇನ್ನು ಗಣಿತದ ಮಾತು. 26 ಮಂದಿಯ ಗುಂಪಿನಲ್ಲಿ ಪ್ರತಿಯೊಬ್ಬರೂ ಚೀಟಿ ಎತ್ತಿ ಮೂವರನ್ನು ಆರಿಸಿದರೆ, ಯಾರ ಚೀಟಿಯಲ್ಲೂ ಬಾರದೆ ಉಳಿಯುವವರು ಸರಾಸರಿ ಒಬ್ಬರು ಮಾತ್ರ. ಜನ ತಮ್ಮ ಮನಸ್ಸಿನಿಂದ ಆರಿಸಿದಾಗ ಹಾಗೆ ಉಳಿಯುವವರು ಅದಕ್ಕಿಂತ ಹೆಚ್ಚೆಂದು ಮೊರೆನೊ ಮತ್ತು ಜೆನ್ನಿಂಗ್ಸ್ 1938ರಲ್ಲಿ ತೋರಿಸಿದರು. ಅಂದರೆ ಒಂಟಿತನ ಕೇವಲ ಹಣೆಬರಹವಲ್ಲ. ನಾವು ಕೂಡಿ ಮಾಡುವಂಥದು.

ಮೊರೆನೊ 1974ರಲ್ಲಿ ನ್ಯೂಯಾರ್ಕ್ ರಾಜ್ಯದ ಬೀಕನ್ ಊರಿನಲ್ಲಿ ತೀರಿಕೊಂಡರು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು, ವರ್ಷಕ್ಕೊಮ್ಮೆ ಈ ರಾಜ್ಯೋತ್ಸವದಲ್ಲಿ ಸೇರುವ ನಾವೂ ಒಂದು ಪುಟ್ಟ ಗುಂಪೇ. ಗುರುತಿನವರು ಗುರುತಿನವರ ಪಕ್ಕದಲ್ಲಿ ಕುಳಿತುಕೊಳ್ಳುತ್ತೇವೆ. ಹೊಸದಾಗಿ ಬಂದ ಸಂಸಾರವೊಂದು ಹಿಂದಿನ ಸಾಲಿನಲ್ಲಿ ಉಳಿದುಬಿಡುತ್ತದೆ. ಯಾರ ಗೆರೆಯೂ ಮುಟ್ಟದ ಆ ವೃತ್ತದ ಕಡೆಗೆ ಈ ಸಲ ನಾವೇ ಎದ್ದುಹೋಗಿ, ಯಾವ ಊರಿನವರೆಂದು ವಿಚಾರಿಸೋಣ.